ಕೂಡಿ ಕೊಂಡ ಹೊಲಕ್ಕೆ ಎರಡು ಕಾವಲು

ರೋಣ ತಾಲ್ಲೂಕಿನ ಯಾವಗಲ್ ಎರೆ ಸೀಮೆಯ ಊರು. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಈ ಮಣ್ಣು ಮಳೆ ಬಿದ್ದರೆ ಚಕ್ಕಡಿಯ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬಿ. ಇಂಥ ನೆಲದಲ್ಲಿ ಹೊಲಕ್ಕೆ ಹೋಗುವ ದಾರಿ ಯಾರದು, ಮೇಲಿನ ಹೊಲದ ನೀರು ಯಾರ ಬದು ಒಡೆದುಕೊಂಡು ಹೋಗಬೇಕು ಎಂಬ ಎರಡು ಮಾತಿನಿಂದಲೇ ಎಷ್ಟೋ ಜಗಳ ಹುಟ್ಟುತ್ತವೆ.

ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಐದು ಮನೆಯವರ ಹೊಲಗಳ ನಡುವೆ ತಗ್ಗಿನಲ್ಲಿ ಆರು ಎಕರೆ ಮಾರಾಟಕ್ಕೆ ಬಂದಿದೆ. ದಾರಿ ಹಾಯುವುದು ಅದರೊಳಗೇ, ಐದೂ ಹೊಲಗಳ ಮಳೆನೀರು ಇಳಿಯುವುದೂ ಅಲ್ಲಿಗೇ. ಒಬ್ಬನೇ ಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಕೂಡಿ ಕೊಂಡರೆ ಮನೆಗೆ ಒಂದು ಎಕರೆ ಎಂಟು ಗುಂಟೆಯ ಪಾಲು ಬೀಳುತ್ತದೆ. ಒಂದು ಮೂಲೆಯಲ್ಲಿ ಕೃಷಿಹೊಂಡ, ಒಂದು ಅಂಚಿನಲ್ಲಿ ದಾರಿ, ಒಂದಿಷ್ಟು ಕಣ, ಉಳಿದದ್ದರಲ್ಲಿ ಬೆಳೆ. ಕೊಳ್ಳಬೇಕೇ? ಕೊಂಡರೆ ಅದು ಉಳಿದೀತೇ?

ಉಳಿಯುವುದಿಲ್ಲ ಎನ್ನುವವರ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಹತ್ತು ಜನ ತಿರುಗಾಡಿದಲ್ಲಿ ಹುಲ್ಲು ಬೆಳೆಯುವುದಿಲ್ಲ ಎಂಬ ಗಾದೆ ಅನುಭವದಿಂದಲೇ ಬಂದದ್ದು. 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಇದನ್ನೇ ವಾದವಾಗಿ ಕಟ್ಟಿದ: ಎಲ್ಲರಿಗೂ ತೆರೆದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಕೊನೆಗೆ ಎಲ್ಲರ ದನವೂ ಉಪವಾಸ ಬೀಳುತ್ತದೆ. ಆದರೆ ಹಾರ್ಡಿನ್ ಹೇಳಿದ್ದು ಯಜಮಾನರೇ ಇಲ್ಲದ ನೆಲದ ಕಥೆ. ಎಲಿನಾರ್ ಆಸ್ಟ್ರಮ್ ಎಂಬ ಸಂಶೋಧಕಿ ಹಲವು ದೇಶಗಳ ಗೋಮಾಳ, ಮೀನುಗಾರಿಕೆ, ಕಾಲುವೆ ನೀರಿನ ವ್ಯವಸ್ಥೆಗಳನ್ನು ಅಭ್ಯಾಸ ಮಾಡಿ, ಬಳಸುವವರೇ ನಿಯಮ ಮಾಡಿಕೊಂಡು, ಪರಸ್ಪರ ಕಣ್ಣಿಟ್ಟು, ತಪ್ಪಿದವರಿಗೆ ದಂಡ ಹಾಕಿದ ಕಡೆ ಸಾಮಾನ್ಯರ ಆಸ್ತಿ ತಲೆಮಾರುಗಟ್ಟಲೆ ಉಳಿದಿದೆ ಎಂದು ತೋರಿಸಿದರು. ಆ ಕೆಲಸಕ್ಕೆ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ಸೀಮೆಗೆ ಇದು ಹೊಸ ಪಾಠವಲ್ಲ. ಕೆರೆಯ ಹೂಳು ತೆಗೆಯಲು, ಏರಿ ಕಟ್ಟಲು ಭೂಮಿ ಬಿಟ್ಟುಕೊಟ್ಟ ಬಿತ್ತುವಟ್ಟದ ಮಾತು ಕನ್ನಡ ಶಾಸನಗಳಲ್ಲಿ ಸಿಗುತ್ತದೆ. ನೀರು ಎಲ್ಲರದಾದರೆ ಅದನ್ನು ಕಾಯುವ ಖರ್ಚಿಗೂ ಗೊತ್ತಾದ ನೆಲ ಬೇಕು ಎಂದು ಆ ಹಿರಿಯರು ಅರಿತಿದ್ದರು. ಮುಯ್ಯಾಳು, ಜೋಡೆತ್ತು, ಊರ ದೈವದವರು ಕೂತು ಮಾಡುವ ತೀರ್ಮಾನ ಎಲ್ಲವೂ ಇದೇ ಬೇರಿನ ಚಿಗುರು.

ಹಾಗಿದ್ದರೆ ಗಾಯರಾಣಗಳು, ಗೋಮಾಳಗಳು ಕರಗಿದ್ದೇಕೆ? ಹಾನಗಲ್ ತಾಲ್ಲೂಕಿನ ಕುಸನೂರು ಇದಕ್ಕೆ ಒಂದು ಉತ್ತರ ಕೊಡುತ್ತದೆ. 1980ರ ದಶಕದಲ್ಲಿ ಕುಸನೂರೂ ಯಾವಗಲ್ಲೂ ಒಂದೇ ಧಾರವಾಡ ಜಿಲ್ಲೆಯ ಊರುಗಳು. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಮಾಡಿತು. ನೀಲಗಿರಿ ಬೆಳೆಸಲು ಸುಮಾರು 75,000 ಎಕರೆ ಸಮುದಾಯದ ಭೂಮಿಯನ್ನು ಅದಕ್ಕೆ ಕೊಡಲು ಹೊರಟಿತು. ದನ ಮೇಯಿಸುತ್ತಿದ್ದವರನ್ನು, ಕಟ್ಟಿಗೆ ತರುತ್ತಿದ್ದವರನ್ನು ಯಾರೂ ಕೇಳಲಿಲ್ಲ, ಏಕೆಂದರೆ ಅವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. 1987ರ ನವೆಂಬರ್ 14ರಂದು ಜನ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದೇ ಆ ಸತ್ಯಾಗ್ರಹ ಹೆಸರಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿನವರೆಗೂ ಹೋರಾಡಿತು. 1991ರಲ್ಲಿ ಆ ಕಂಪನಿ ಮುಚ್ಚಿತು. ಜನ ಗೆದ್ದರು, ಆದರೆ ತಮ್ಮದನ್ನೇ ತಮ್ಮದೆಂದು ಹೇಳಲು ಅಷ್ಟು ವರ್ಷ ಬೇಕಾಯಿತು. ಕಾಗದವಿಲ್ಲದ ಕೂಡು ನೆಲ ಬಲ್ಲಿದನ ಕಣ್ಣಿಗೆ ಖಾಲಿ ನೆಲ.

ಹಾಗೆಂದು ಬರೀ ಕಾಗದ ಮಾಡಿಸಿದರೆ ಮುಗಿಯಿತೇ? ಇಲ್ಲ. ಐವರೂ ಕೂಡಿ ಖರೀದಿ ಪತ್ರ ಮಾಡಿಸಿ ಉತಾರದಲ್ಲಿ ಜಂಟಿಯಾಗಿ ಹೆಸರು ಏರಿಸಿದರು ಎನ್ನಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಯಾರು ಎಷ್ಟು ಹಾಕಿದರು ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ ಎಲ್ಲರದೂ ಸಮಪಾಲು ಎಂದೇ ಎಣಿಕೆ. ಎರಡು ಪಾಲು ಹಣ ಹಾಕಿ ಬಾಯಿಮಾತಿನಲ್ಲಿ ಬಿಟ್ಟವನಿಗೆ ಕೊಟ್ಟವ ಕೋಡಂಗಿ ಎಂಬ ಗಾದೆಯೇ ಗತಿ. ಅದೇ ಕಾಯ್ದೆ ಪಾಲುದಾರ ತನ್ನ ಪಾಲನ್ನು ಹೊರಗಿನವರಿಗೆ ಮಾರಲೂ ಬಿಡುತ್ತದೆ. ಯಾರೇ ಒಬ್ಬರು ಪಾಲು ಕೇಳಿ ದಾವೆ ಹೂಡಬಹುದು. ಹಂಚಲು ಬಾರದ ಆಸ್ತಿಯನ್ನು ಮಾರಿ ದುಡ್ಡು ಹಂಚಲು 1893ರ ವಿಭಜನೆ ಕಾಯ್ದೆಯಲ್ಲಿ ದಾರಿ ಇದೆ. ಹೊಂಡವನ್ನು ಐದು ಭಾಗ ಮಾಡುವುದಾದರೂ ಹೇಗೆ? ಇನ್ನು ವಾರಸುದಾರರು: ಮನೆಗೆ ಮೂವರು ಮಕ್ಕಳೆಂದರೂ ಐದು ಹೆಸರು ಹದಿನೈದಾಗುತ್ತವೆ, ಮೊಮ್ಮಕ್ಕಳ ಕಾಲಕ್ಕೆ ನಲವತ್ತೈದು. ಅವರಲ್ಲಿ ಎಷ್ಟು ಮಂದಿ ಯಾವಗಲ್ಲಿನಲ್ಲೇ ಇರುತ್ತಾರೆ?

ಕಾಗದ ಎಷ್ಟು ಮುಖ್ಯವೋ ಲೆಕ್ಕವೂ ಅಷ್ಟೇ ಮುಖ್ಯ ಎನ್ನುವುದಕ್ಕೆ ನಮ್ಮ ಗದಗ ಜಿಲ್ಲೆಯ ಕಣಗಿನಹಾಳವೇ ಸಾಕ್ಷಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಸಹಕಾರ ಚಳವಳಿಯ ತಾಯಿಬೇರು. ಅದಕ್ಕೆ ಹಿಂದಿನ ವರ್ಷದ, ಅಂದರೆ 1904ರ ಕಾಯ್ದೆ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ ಹೊರಿಸಿತ್ತು. ಒಬ್ಬನು ಸಾಲ ಮುಳುಗಿಸಿದರೆ ಉಳಿದವರ ಮನೆ ಹೊಲಕ್ಕೂ ಅದು ತಟ್ಟುತ್ತಿತ್ತು. ಆದ್ದರಿಂದಲೇ ಪ್ರತಿಯೊಬ್ಬನೂ ವಹಿಯ ಮೇಲೆ ಕಣ್ಣಿಡಬೇಕಾಯಿತು. ನಂಬಿಕೆ ಇದ್ದುದರಿಂದ ಲೆಕ್ಕ ಬೇಡವಾಯಿತು ಎಂಬುದಲ್ಲ. ಲೆಕ್ಕ ಇಟ್ಟುದರಿಂದ ನಂಬಿಕೆ ಬೆಳೆಯಿತು. ನನ್ನ ವಾದದ ತಿರುಳು ಇದೇ.

‘ನಾವು ಅಣ್ಣತಮ್ಮರಿದ್ದಂಗ, ನಮಗ್ಯಾಕ ಕಾಗದ ಪತ್ರ?’ ಎಂಬ ಮಾತು ಕೇಳಲು ಹಿತ. ಆದರೆ ಪತ್ರ ಬರೆಯಲು ತಕ್ಕ ಕಾಲ ಅದೇ, ಮಾತು ಮುರಿದ ಮೇಲೆ ಅಲ್ಲ. ಒಬ್ಬೊಬ್ಬರು ಹಾಕಿದ ಹಣ ಎಷ್ಟು, ಹೊಂಡದ ನೀರಿನ ಸರದಿ ಏನು, ಬದು ಕಟ್ಟುವ ದುಡಿಮೆಗೆ ಬಾರದವರು ಕೊಡಬೇಕಾದದ್ದೇನು, ಹೊರಹೋಗುವವನ ಪಾಲನ್ನು ಮೊದಲು ಒಳಗಿನವರಿಗೇ ಯಾವ ಬೆಲೆಗೆ ಕೊಡಬೇಕು, ಸತ್ತವರ ಪಾಲಿನ ಪರವಾಗಿ ಕೂಡ್ರುವವರು ಯಾರು: ಇಷ್ಟನ್ನು ವಕೀಲರ ಮುಂದೆ ಬರೆಸಿ ನೋಂದಾಯಿಸಬೇಕು. ವರ್ಷಕ್ಕೊಮ್ಮೆ ಎಲ್ಲರೆದುರು ಜಮಾ ಖರ್ಚು ಓದಬೇಕು. ವಹಿ ಬರೆಯುವ ಕೈಗಳಿಗೇನೂ ಊರಲ್ಲಿ ಕೊರತೆ ಇಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಂದಿನಿಂದ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ವಾರದ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಇಡುತ್ತಿದ್ದಾರೆ. ಕೇರಳದ ಕುಟುಂಬಶ್ರೀ ಗುಂಪುಗಳಲ್ಲಿ ಹೆಂಗಸರು ಕೂಡಿ ಹೊಲ ಲಾವಣಿ ಹಿಡಿದು ಬೆಳೆ ತೆಗೆಯುತ್ತಾರೆ. ಕೂಡು ಹೊಲದ ಪತ್ರದಲ್ಲಿ ಗಂಡನ ಜೊತೆ ಹೆಂಡತಿಯ ಹೆಸರೂ ಇರಲಿ. ವಹಿ ಅವಳ ಕೈಗೆ ಬರಲಿ.

ಎಲ್ಲವನ್ನೂ ಕೂಡಿ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಒಬ್ಬನೇ ಚೆನ್ನಾಗಿ ಮಾಡಬಲ್ಲ ಕಮತವನ್ನು ಅವನೇ ಮಾಡಲಿ. ದಾರಿ, ನೀರು, ಕಣದಂಥವನ್ನು ಒಬ್ಬನೇ ಇಟ್ಟುಕೊಂಡರೆ ಉಳಿದವರು ಅವನ ಹಂಗಿಗೆ ಬೀಳುತ್ತಾರೆ. ಕೂಡಿ ಕೊಳ್ಳಬೇಕಾದದ್ದು ಅವನ್ನು. ಈಗ ಇದಕ್ಕೆ ಅವಸರವೂ ಇದೆ. 1970-71ರಲ್ಲಿ ರಾಜ್ಯದ ಸರಾಸರಿ ಹಿಡುವಳಿ 3.20 ಹೆಕ್ಟೇರ್ ಇತ್ತು, 2015-16ಕ್ಕೆ 1.36 ಹೆಕ್ಟೇರ್‌ಗೆ ಇಳಿಯಿತು. 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದದ್ದರಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ಆ ಆರು ಎಕರೆಗೆ ಐದು ಮನೆಯವರು ಕೂಡದಿದ್ದರೆ, ಎಂದೂ ನೇಗಿಲು ಹಿಡಿಯದವನೊಬ್ಬ ಬಂದು ತಂತಿಬೇಲಿ ಹಾಕಬಹುದು.

ಸಿಟ್ಟಿನಲ್ಲಿ ಕೂಡುವುದು ಈ ನಾಡಿಗೆ ಗೊತ್ತು. 1980ರ ಜುಲೈ 21ರ ನರಗುಂದದ ರೈತ ಬಂಡಾಯ ಅದನ್ನು ರಾಜ್ಯಕ್ಕೇ ತೋರಿಸಿತು. ಸಿಟ್ಟು ಇಳಿದ ಮೇಲೂ, ದಿನದಿನದ ಸಣ್ಣ ಕೆಲಸದಲ್ಲಿ ಕೂಡಿರುವುದು ಅದಕ್ಕಿಂತ ಕಷ್ಟ. ಆದರೆ ಅದರ ದಾರಿಯೂ ನಮ್ಮ ಕಣದಲ್ಲೇ ಇದೆ. ರಾಶಿ ಅಳೆಯುವಾಗ ಹಿರಿಯರು ಮೊದಲ ಸೇರನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು, ಅದೂ ಆಳು, ಆಯಗಾರ, ಪಾಲುಗಾರ ಎಲ್ಲರಿಗೂ ಕೇಳುವಂತೆ ದನಿಯೆತ್ತಿ. ಕೂಡಿ ಕೊಂಡ ಹೊಲದ ವಹಿಯನ್ನೂ ಅದೇ ದನಿಯಲ್ಲಿ ಓದಿದರೆ ಸಾಕು.