ಕೆಂಪಾದರೆ ನಿಲ್ಲಿಸಿ, ಹಳದಿಯಾದರೆ ಮರೀಬೇಡಿ

"ಅಣ್ಣಾ, ಡ್ಯಾಶ್‌ಬೋರ್ಡಿನ್ಯಾಗ ಲೈಟ್ ಹತ್ತೇತ್ರಿ. ಗಾಡಿ ಮಾತ್ರ ಚಲೋನ ಓಡಾಕತ್ತೇತಿ. ಹುಬ್ಬಳ್ಳಿಗೆ ಹೋಗಿ ಬರ್ಲೇನ್ರಿ?" ಬೆಟಗೇರಿಯ ನಮ್ಮ ಓಣಿಯಲ್ಲಿ ಹೊಸದಾಗಿ ಕಾರು ಕೊಂಡ ಹುಡುಗರು ನನ್ನನ್ನು ಹೆಚ್ಚಾಗಿ ಕೇಳೋದು ಇದನ್ನೇ. ನಾನು ತಿರುಗಿ ಕೇಳೋದೂ ಒಂದೇ ಮಾತು: "ಬಣ್ಣ ಯಾವುದು?"

ಟ್ರಾಫಿಕ್ ಸಿಗ್ನಲ್ಲಿನ ಲೆಕ್ಕವೇ ಇಲ್ಲೂ. ಕೆಂಪು ಅಂದರೆ ಈಗಲೇ ನಿಲ್ಲಿಸಿ. ಹಳದಿ ಅಂದರೆ ನಿಧಾನ ಹೋಗಿ, ಬೇಗ ತೋರಿಸಿ.

ಕೆಂಪು: ಮೂರು ಚಿತ್ರ ನೆನಪಿಡಿ

ಹನಿ ಬೀಳುವ ಎಣ್ಣೆಗಿಂಡಿ ಕಂಡರೆ ಎಂಜಿನ್ ಆಯಿಲ್ ಒತ್ತಡ ಬಿದ್ದಿದೆ ಅಂತ ಅರ್ಥ. ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ. "ಗ್ಯಾರೇಜ್ ಎರಡೇ ಕಿಲೋಮೀಟರ್ ಐತಿ" ಅಂತ ಓಡಿಸಬೇಡಿ. ಆಯಿಲ್ ಸಿಗದ ಬೇರಿಂಗ್ ಸವೆದು ಎಂಜಿನ್ ಜಾಮ್ ಆಗೋಕೆ ಅಷ್ಟು ದೂರವೇ ಸಾಕು. ಟೋಯಿಂಗ್ ದುಡ್ಡು ಎಂಜಿನ್ ಬಿಚ್ಚಿಸೋ ಖರ್ಚಿನ ಮುಂದೆ ಏನೂ ಅಲ್ಲ.

ನೀರಲ್ಲಿ ಮುಳುಗಿದ ಥರ್ಮಾಮೀಟರ್ ಅಂದರೆ ಎಂಜಿನ್ ಕಾದಿದೆ. ಏಪ್ರಿಲ್ ಬಿಸಿಲಲ್ಲಿ, ಎಸಿ ಹಾಕಿಕೊಂಡು ಮುಂಡರಗಿ ಕಡೆ ಹೊರಟಾಗ ಇದು ಬರಬಹುದು. ಎಸಿ ಆಫ್ ಮಾಡಿ, ನೆರಳಲ್ಲಿ ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಒತ್ತಡದಲ್ಲಿರೋ ಕುದಿನೀರು ನೇರ ಮುಖಕ್ಕೆ ಚಿಮ್ಮುತ್ತೆ.

ಬ್ಯಾಟರಿ ಚಿತ್ರ ಬಂದರೆ ಬ್ಯಾಟರಿಯೇ ಕೆಟ್ಟಿದೆ ಅಂತಲ್ಲ, ಅದು ಚಾರ್ಜ್ ಆಗ್ತಿಲ್ಲ ಅಂತ. ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಕೆಲವು ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತೆ. ಹಾಗಾಗಿ ಟೆಂಪರೇಚರ್ ಮೇಲೂ ಕಣ್ಣಿರಲಿ.

ಹಳದಿ: ಚೆಕ್ ಎಂಜಿನ್

ಸುಮ್ಮನೆ ಉರಿಯುತ್ತಿದ್ದರೆ ಗಾಬರಿ ಬೇಡ, ನಿಧಾನವಾಗಿ ಗ್ಯಾರೇಜಿಗೆ ಒಯ್ಯಿರಿ. ಮಿಣುಕುತ್ತಿದ್ದರೆ ಕಥೆ ಬೇರೆ. ಪೆಟ್ರೋಲ್ ಕಾರಿನಲ್ಲಿ ಸಾಮಾನ್ಯವಾಗಿ ಅದು ಮಿಸ್‌ಫೈರ್. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೋಗಿ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತೆ. ಆ ಭಾಗ ಭಾಳ ದುಬಾರಿ.

2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್-4 ಬಂತು, 2020ರ ಏಪ್ರಿಲ್‌ನಿಂದ ಬಿಎಸ್-6. ಈ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಒಂದು ಒಬಿಡಿ ಸಾಕೆಟ್ ಇರುತ್ತೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಫೋನಿನಲ್ಲೇ ಕೋಡ್ ಓದಬಹುದು. ಆದರೆ ಕೋಡ್ ಎಲ್ಲಿ ಹುಡುಕಬೇಕು ಅಂತ ಹೇಳುತ್ತೆ, ಏನು ಕೊಳ್ಳಬೇಕು ಅಂತ ಹೇಳಲ್ಲ.

ನಮ್ಮ ಕಾಕಾನ ಕಾರಿಗೆ ಪಿ0302 ಬಂದಿತ್ತು, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಒಂದು ಗ್ಯಾರೇಜಿನಲ್ಲಿ "ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಬದಲಿ ಮಾಡೂಣ್ರಿ" ಅಂದರು. ಇನ್ನೊಬ್ಬ ಮೇಸ್ತ್ರಿ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ ನೋಡಿದ. ಕೋಡ್ ಪಿ0303 ಆಯಿತು. ದೋಷ ಕಾಯಿಲ್ ಜೊತೆಗೇ ಹೋಗಿತ್ತು. ಒಂದೇ ಕಾಯಿಲಿನಲ್ಲಿ ಕೆಲಸ ಮುಗೀತು. ಅದಕ್ಕೇ "ಸೆನ್ಸರ್ ಹೋಗೇತ್ರಿ" ಅಂದಾಗ "ಹೆಂಗ ಗೊತ್ತಾತ್ರಿ?" ಅಂತ ಕೇಳೋಕೆ ಸಂಕೋಚ ಬೇಡ. ಕೋಡ್ ಅಳಿಸೋ ಮುಂಚೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ನಮ್ಮ ಕಡೆಯ ಕಾರಣಗಳು

ಎರೆಹೊಲದ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ. ಸರ್ವಿಸ್ ತಾರೀಖಿಗೆ ಕಾಯದೆ ಬಿಚ್ಚಿ ನೋಡಿ. ಹೊಲದ ಮಗ್ಗುಲಲ್ಲೋ ಕಾಳಿನ ಗೋದಾಮಿನ ಪಕ್ಕದಲ್ಲೋ ಗಾಡಿ ನಿಲ್ಲಿಸೋರು ಬಾನೆಟ್ ಎತ್ತಿ ನೋಡಿ, ಇಲಿ ಕಡಿದ ಒಂದು ವೈರ್ ಸಾಕು, ಲೈಟ್ ಹತ್ತುತ್ತೆ.

ಬಿಎಸ್-6 ಡೀಸೆಲ್ ಇದ್ದವರಿಗೆ ಇನ್ನೊಂದು ಮಾತು. ದಿನಾ ಬೆಟಗೇರಿಯಿಂದ ಗದಗ ಪೇಟೆಗೆ ಹೋಗಿ ಬರೋದಷ್ಟೇ ಆದರೆ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ಕೂಡುತ್ತೆ. ಅದು ಸುಡಬೇಕಾದರೆ ಗಾಡಿ ಕಾಯಬೇಕು. ಡಿಪಿಎಫ್ ಲೈಟ್ ಬಂದರೆ ಮ್ಯಾನುವಲ್ ಹೇಳಿದ ವೇಗದಲ್ಲಿ, ಹೇಳಿದಷ್ಟು ಹೊತ್ತು, ಹುಬ್ಬಳ್ಳಿ ರಸ್ತೆಯಲ್ಲಿ ಅಣ್ಣಿಗೇರಿ ತನಕ ಒಂದು ಸುತ್ತು ಹೊಡೀರಿ. ಲೈಟ್ ಕಂಡೂ ಬಿಟ್ಟರೆ ಕೊನೆಗೆ ಫಿಲ್ಟರ್ ಬದಲಿಸೋ ಖರ್ಚು ಬರಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳೋರಿಗೆ

ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಎಣ್ಣೆಗಿಂಡಿ, ಬ್ಯಾಟರಿ, ಚೆಕ್ ಎಂಜಿನ್ ಮೂರೂ ಉರಿಯಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲು ಉರಿಯದೇ ಇದ್ದರೆ ಖುಷಿ ಪಡಬೇಡಿ. ಬಲ್ಬ್ ಹೋಗಿರಬಹುದು, ಅಥವಾ ಯಾರೋ ಬೇಕಂತಲೇ ಕಟ್ ಮಾಡಿರಬಹುದು. ಸ್ಕ್ಯಾನರ್ ಹಾಕಿಸಿ ನೋಡೋ ತನಕ ಅಡ್ವಾನ್ಸ್ ಕೊಡಬೇಡಿ.

ಕಾರಿನ ಮ್ಯಾನುವಲ್ ಗ್ಲವ್ ಬಾಕ್ಸಿನಲ್ಲೇ ಇರುತ್ತಲ್ಲ, ಲೈಟುಗಳ ಪುಟ ತೆಗೆದು ಫೋಟೊ ಹೊಡೆದುಕೊಳ್ಳಿ. ಮನೇಲಿ ಗಾಡಿ ಓಡಿಸೋರಿಗೆಲ್ಲ ಇವತ್ತೇ ವಾಟ್ಸಾಪ್ ಮಾಡಿ.