ರೋಗಾಣುವಿನ ಭಯವೂ ಪೌರರ ಸಿದ್ಧತೆಯೂ

ರೋಗಾಣುಗಳನ್ನೇ ಆಯುಧವಾಗಿ ಬಳಸುವ ದುಷ್ಟರ ಮಾತನ್ನೆತ್ತಿದರೆ, ಅದು ಸೈನ್ಯದವರ ಹಾಗೂ ಪ್ರಯೋಗಶಾಲೆಯವರ ಚಿಂತೆಯೆಂದು ನಮ್ಮ ಪೌರರು ಸುಮ್ಮನಾಗುವುದುಂಟು. ಅಧಿಕಾರಿವರ್ಗದಲ್ಲಿಯೂ ಈ ಭಾವನೆ ಇಲ್ಲದಿಲ್ಲ. ಇದೆಷ್ಟು ತಪ್ಪೆಂಬುದು 2001ರಲ್ಲಿ ಅಮೆರಿಕದಲ್ಲಿ ನಡೆದುದನ್ನು ಅರಿತವರಿಗೆ ಗೊತ್ತು.

ನಮ್ಮ ರೈತರು ದನಕುರಿಗಳಲ್ಲಿ ನೆರಡಿ ರೋಗವೆಂದು ಗುರುತಿಸುವ ಆಂಥ್ರಾಕ್ಸಿನ ಪುಡಿಯನ್ನು ಆ ವರ್ಷ ಯಾರೋ ಲಕೋಟೆಗಳಲ್ಲಿಟ್ಟು ಪತ್ರಿಕಾಲಯಗಳಿಗೂ ಇಬ್ಬರು ಸೆನೆಟರುಗಳಿಗೂ ಅಂಚೆಯಲ್ಲಿ ಕಳುಹಿಸಿದರು. 22 ಮಂದಿಗೆ ರೋಗ ತಗುಲಿ ಐವರು ಸತ್ತರು. ಅಕ್ಟೋಬರ್ 15ರಂದು ವಾಷಿಂಗ್ಟನ್ನಿನಲ್ಲಿ ಸೆನೆಟರೊಬ್ಬರ ಕಚೇರಿಯಲ್ಲಿ ಲಕೋಟೆ ಒಡೆದೊಡನೆ ಅಲ್ಲಿದ್ದವರಿಗೆ ಔಷಧ ದೊರೆಯಿತು. ಅವರಲ್ಲಿ ಯಾರಿಗೂ ರೋಗ ಬರಲಿಲ್ಲ. ಆದರೆ ಅದೇ ಲಕೋಟೆ ಹಾದುಬಂದಿದ್ದ ಬ್ರೆಂಟ್‌ವುಡ್ ಅಂಚೆ ವಿಂಗಡಣಾ ಕೇಂದ್ರವು 21ರವರೆಗೂ ತೆರೆದೇ ಇದ್ದಿತು. ಮುಚ್ಚಿದ ಲಕೋಟೆಯಿಂದ ಅಪಾಯವಿಲ್ಲವೆಂದು ಅಧಿಕಾರಿಗಳು ನಂಬಿದ್ದರು. ಯಂತ್ರದ ಒತ್ತಡಕ್ಕೆ ಪುಡಿ ಹೊರಬಿದ್ದಿದ್ದಿತು. ಅಲ್ಲಿಯ ಇಬ್ಬರು ನೌಕರರು ಪ್ರಾಣ ಕಳೆದುಕೊಂಡರು. ಲಕ್ಷಣ ಕಾಣುವ ಮುನ್ನವೇ ಔಷಧ ಕೊಟ್ಟರೆ ತಡೆಯಬಹುದಾದ ರೋಗವಿದು. ಕೊರತೆಯಾದುದು ಔಷಧದ್ದಲ್ಲ, ಸಕಾಲದಲ್ಲಿ ಎಲ್ಲರಿಗೂ ಸಲ್ಲಬೇಕಾಗಿದ್ದ ನಿಜವಾದ ಸುದ್ದಿಯದು.

ಸುದ್ದಿ ಕೆಟ್ಟರೆ ಏನಾಗುವುದೆಂಬುದನ್ನು ನಮ್ಮ ದೇಶವೇ ಕಂಡಿದೆ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂಬ ಮಾತು ಹುಟ್ಟಿದೊಡನೆ ಲಕ್ಷಾಂತರ ಜನರು ರೈಲು, ಬಸ್ಸು ಹಿಡಿದು ಊರು ಬಿಟ್ಟರು. ಖಾಸಗಿ ವೈದ್ಯರಲ್ಲಿ ಅನೇಕರು ಬಾಗಿಲು ಹಾಕಿಕೊಂಡು ಹೊರಟುಹೋದರು. ರೋಗಕ್ಕಿಂತ ಮುಂಚೆ ಭಯವೇ ದೂರದೂರದ ನಗರಗಳನ್ನು ಮುಟ್ಟಿತು.

ರೋಗವು ವೈರಿಯ ಕೈಯಿಂದ ಬರಲಿ, ಕಾಡಿನಿಂದ ಬರಲಿ, ಅದನ್ನು ಮೊದಲು ಕಾಣುವವನು ಸಾಮಾನ್ಯನೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದುದೇ ಹೊಸದೊಂದು ಜ್ವರದ ಸುಳಿವಾಯಿತು. ಮಲೆನಾಡಿನಲ್ಲಿ ಇಂದಿಗೂ ಸತ್ತ ಮಂಗವನ್ನು ಕಂಡವರು ಆರೋಗ್ಯ ಇಲಾಖೆಗೆ ತಿಳಿಸುವ ವಾಡಿಕೆಯುಂಟು. ದುಬಾರಿ ಯಂತ್ರಗಳ ಮಾತನಾಡುವವರು ಈ ವಾಡಿಕೆಯ ಬೆಲೆಯನ್ನು ಕಡೆಗಣಿಸಬಾರದು.

ಕಾನೂನಿಗೆ ನಮ್ಮಲ್ಲಿ ಕೊರತೆಯಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರವಿರತಕ್ಕದ್ದು. ಜೈವಿಕ ವಿಪತ್ತಿನ ವಿಷಯವಾಗಿಯೇ 2008ರಲ್ಲಿ ರಾಷ್ಟ್ರೀಯ ಪ್ರಾಧಿಕಾರದವರು ಮಾರ್ಗಸೂಚಿಯನ್ನು ಹೊರಡಿಸಿದರು. ಅದರ ಸಾರವು ಎಷ್ಟು ಮನೆಗಳನ್ನು ತಲಪಿದೆಯೆಂದು ನಾವು ಕೇಳುತ್ತೇವೆ.

ಮನೆಯವರು ಮಾಡಬೇಕಾದುದು ಹೆಚ್ಚೇನಲ್ಲ. ಮೂರು ದಿನಕ್ಕಾಗುವ ಕುಡಿಯುವ ನೀರು, ದವಸ, ಸಕ್ಕರೆ ಕಾಯಿಲೆಯವರಿಗೂ ರಕ್ತದೊತ್ತಡದವರಿಗೂ ನಿತ್ಯ ಬೇಕಾದ ಮಾತ್ರೆಗಳು ಇರಲಿ. ಚದುರಿದರೆ ಎಲ್ಲಿ ಸೇರಬೇಕೆಂಬುದು ಮಕ್ಕಳಿಗೂ ಗೊತ್ತಿರಲಿ. ಅನುಮಾನದ ಪುಡಿಯುಳ್ಳ ಲಕೋಟೆ ಬಂದರೆ ಅಲುಗಾಡಿಸದೆ, ಮೂಸದೆ, ಅಲ್ಲಿಯೇ ಇಟ್ಟು, ಕೋಣೆಯ ಬಾಗಿಲೆಳೆದು, ಸಾಬೂನಿನಿಂದ ಕೈ ತೊಳೆದು 112ಕ್ಕೆ ತಿಳಿಸಬೇಕು. ವೈದ್ಯರು ಹೇಳದೆ ಔಷಧವನ್ನು ಕೂಡಿಹಾಕುವುದು ನೆರೆಯವನ ಪಾಲನ್ನು ಕಸಿದಂತೆ.

ಒಬ್ಬಂಟಿ ವೃದ್ಧರು, ಗರ್ಭಿಣಿಯರು, ಅಂಗವಿಕಲರು ಯಾವ ಮನೆಯಲ್ಲಿರುವರೆಂಬುದನ್ನು ಬೀದಿಯವರೇ ಬಲ್ಲರು. ಕಚೇರಿಯ ಕಡತ ಬಲ್ಲದು ಕಡಿಮೆ. ಆದಕಾರಣ ಪುರಸಭೆಗಳು ವಾರ್ಡುವಾರ್ಡಿಗೆ ಸ್ವಯಂಸೇವಕರನ್ನು ಗೊತ್ತುಮಾಡಿ, ಯಾರಿಗೆ ತಿಳಿಸಬೇಕು, ಔಷಧ ಎಲ್ಲಿ ಸಿಕ್ಕುವುದು ಎಂಬ ಒಂದು ಹಾಳೆಯನ್ನು ಕನ್ನಡದಲ್ಲಿಯೂ ಆಯಾ ಕೇರಿಯವರ ಮನೆಮಾತಿನಲ್ಲಿಯೂ ಅಚ್ಚುಹಾಕಿಸಿ ಬರುವ ಮಳೆಗಾಲಕ್ಕೆ ಮುಂಚೆಯೇ ಹಂಚಬೇಕು. ಹಂಚಿಕೆಯು ಪೌರಕಾರ್ಮಿಕರ, ಅಂಚೆಯವರ, ಆಸ್ಪತ್ರೆಯ ಕೆಳನೌಕರರ ಮನೆಗಳಿಂದ ಮೊದಲಾಗಲಿ.