ಹಾಲು–ಗೀಲು ಎನ್ನುವ ಮಗುವಿಗೆ ಪ್ರಾಸ ಗೊತ್ತು

ಮಕ್ಕಳ ಕೈಗೆ ಬಳಪ ಕೊಡುವ ಮೊದಲು ಅವರ ಕಿವಿಯನ್ನು ಹದಗೊಳಿಸಬೇಕು, ಅದಕ್ಕೆ ಪ್ರಾಸಪದಗಳ ಆಟ ಒಳ್ಳೆಯ ದಾರಿ ಎಂಬ ಮಾತು ಶಿಶುಶಿಕ್ಷಣದ ಚರ್ಚೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾತು ಸರಿಯಾದದ್ದೇ. ಆದರೆ ಅದು ತರಗತಿಗೆ ಇಳಿಯುವಾಗ ಬಹುಪಾಲು 'ಕ್ಯಾಟ್, ಬ್ಯಾಟ್, ಹ್ಯಾಟ್' ಆಗಿಯೇ ಇಳಿಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ, ಹ್ಯಾಟನ್ನು ಚಿತ್ರದಲ್ಲಷ್ಟೇ ಕಂಡ ನಾಲ್ಕು ವರ್ಷದ ಮಗು ಈ ಮೂರು ಶಬ್ದಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವುದನ್ನು ನಾನು ಕೇಳಿದ್ದೇನೆ. ಇದೇ ತರಹದ ಇನ್ನೊಂದು ಹೇಳು ಎಂದರೆ ಮಗು ಟೀಚರ್ ಮುಖ ನೋಡುತ್ತದೆ. ಅದು ಕಲಿತದ್ದು ಒಂದು ಪಟ್ಟಿ ಮಾತ್ರ.

ಅದೇ ಮಗು ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತು 'ನಂಗೆ ಅನ್ನ–ಗಿನ್ನ ಬೇಡ' ಎಂದು ಹಟ ಹಿಡಿಯುತ್ತದೆ. ದೊಡ್ಡವರು ಗದರುತ್ತಾರೆಯೇ ಹೊರತು ಮಗು ಏನು ಮಾಡಿತೆಂದು ಗಮನಿಸುವುದಿಲ್ಲ. ಪದದ ಮೊದಲ ಅಕ್ಷರವನ್ನು ತೆಗೆದು ಅಲ್ಲಿ 'ಗಿ' ಇಟ್ಟು, ಎರಡನೆಯ ಅಕ್ಷರದಿಂದಾಚೆಗಿನದನ್ನು ಅದು ಹಾಗೆಯೇ ಉಳಿಸಿಕೊಂಡಿದೆ. ಮನೆ–ಗಿನೆ, ಕಂಬಳಿ–ಗಿಂಬಳಿ, ಚಕ್ಕುಲಿ–ಗಿಕ್ಕುಲಿ. ಹಲ್ಲಿಗೆ 'ಗಿಲ್ಲು' ಎನ್ನುವ ಮಗು ಹಾಲಿಗೆ 'ಗೀಲು' ಎನ್ನುತ್ತದೆ. ಹ್ರಸ್ವದೀರ್ಘಗಳ ಈ ವ್ಯತ್ಯಾಸವನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ನಿನ್ನೆಯಷ್ಟೇ ಕಿವಿಗೆ ಬಿದ್ದ ಹೊಸ ಪದವನ್ನು ಕೊಟ್ಟು ನೋಡಿ, ಮರುಕ್ಷಣ ಅದಕ್ಕೂ ಜೋಡಿ ಸಿದ್ಧ. ಪ್ರಾಸವನ್ನು ಗುರುತಿಸುವುದಷ್ಟೇ ಅಲ್ಲ, ಕಟ್ಟುವುದೂ ಬಲ್ಲ ಮಗು ಇದು.

ನಮ್ಮ ಛಂದಸ್ಸು ಬಲ್ಲವರಿಗೆ ಇಲ್ಲೊಂದು ಹಳೆಯ ಪರಿಚಯ ಕಾಣಬೇಕು. ಹಳಗನ್ನಡ ಕಾವ್ಯದಲ್ಲಿ ಪ್ರಾಸವೆಂದರೆ ಪಾದದ ಎರಡನೆಯ ಅಕ್ಷರದ ಪ್ರಾಸ. 9ನೇ ಶತಮಾನದ 'ಕವಿರಾಜಮಾರ್ಗ' ಇದನ್ನು ಚರ್ಚಿಸುತ್ತದೆ. 10ನೇ ಶತಮಾನದ ಕೊನೆಯ ನಾಗವರ್ಮನ 'ಛಂದೋಂಬುಧಿ' ಛಂದಸ್ಸಿನ ನಿಯಮಗಳನ್ನು ಶಾಸ್ತ್ರವಾಗಿ ನಿರೂಪಿಸುತ್ತದೆ. ಪ್ರಾಸಾಕ್ಷರದ ಹಿಂದಿನ ಸ್ವರ ಒಂದು ಪಾದದಲ್ಲಿ ಹ್ರಸ್ವವಾಗಿದ್ದರೆ ಎಲ್ಲ ಪಾದಗಳಲ್ಲೂ ಹ್ರಸ್ವ, ದೀರ್ಘವಾಗಿದ್ದರೆ ದೀರ್ಘ, ಸೊನ್ನೆ ಇದ್ದರೆ ಸೊನ್ನೆ, ಒತ್ತಿದ್ದರೆ ಒತ್ತು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ನಾವು ಹೈಸ್ಕೂಲಿನಲ್ಲಿ ಉರು ಹೊಡೆದು ಪರೀಕ್ಷೆಯ ಮರುದಿನ ಮರೆತ ಷಟ್‌ಪ್ರಾಸಗಳ ತಿರುಳು ಇಷ್ಟೇ. 'ಅನ್ನ–ಗಿನ್ನ'ದಲ್ಲಿ ಒತ್ತನ್ನೂ 'ಕಂಬಳಿ–ಗಿಂಬಳಿ'ಯಲ್ಲಿ ಸೊನ್ನೆಯನ್ನೂ ಕಾಪಾಡಿಕೊಂಡ ಮಗು ಪಾಲಿಸುತ್ತಿರುವುದು ಇದೇ ನಿಯಮವನ್ನು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಆದಿಪ್ರಾಸದ ಕಡ್ಡಾಯವನ್ನು ಕೈಬಿಟ್ಟರು; ಹೊಸಗನ್ನಡ ಕವಿತೆಗೆ ಅದು ಬೇಕಾಗಿದ್ದ ಬಿಡುಗಡೆ. ಕವಿಗಳು ಬಿಟ್ಟರೂ ಆಡುಮಾತು ಬಿಡಲಿಲ್ಲ.

ಸಾಲಿನ ಕೊನೆಯ ಪ್ರಾಸವಷ್ಟೇ ಸಾಲದೇ ಎಂದು ಕೇಳಬಹುದು. ಕನ್ನಡದಲ್ಲಿ ಅದು ತೀರ ಅಗ್ಗ. ಬಂದಳು, ಹೋದಳು, ಕುಣಿದಳು. ಮನೆಯಲ್ಲಿ, ತೋಟದಲ್ಲಿ, ಪೇಟೆಯಲ್ಲಿ: ಪ್ರತ್ಯಯಗಳೇ ಪ್ರಾಸದ ಕೆಲಸ ಮಾಡಿಬಿಡುತ್ತವೆ, ಕಿವಿಗೆ ಕೆಲಸವೇ ಉಳಿಯುವುದಿಲ್ಲ. 'ಬಂದಳು–ತಿಂದಳು' ಎಂದಾಗ ಮಾತ್ರ ಕಿವಿ ನಿಮಿರುತ್ತದೆ. ಇಂಗ್ಲಿಷಿನ ಪ್ರಾಸ ಒಂದು ಉಚ್ಚಾರಾಂಶವನ್ನೇ ಸೀಳಿ 'ಕ್' ಬೇರೆ 'ಆಟ್' ಬೇರೆ ಮಾಡುತ್ತದೆ. ನಮ್ಮದು ಅಕ್ಷರ ಅಕ್ಷರಗಳ ನಡುವೆ ಕತ್ತರಿಸುತ್ತದೆ. ಮ–ಳೆ, ಹೊ–ಳೆ. ಲಿಪಿಯೂ ಅಲ್ಲಿಯೇ ಕತ್ತರಿಸುತ್ತದೆ. ಆಟದಿಂದ ಬರಹಕ್ಕೆ ಇದಕ್ಕಿಂತ ನೇರವಾದ ಸೇತುವೆ ಬೇಕೆ?

1983ರಲ್ಲಿ ಆಕ್ಸ್‌ಫರ್ಡಿನ ಬ್ರಾಡ್ಲಿ ಮತ್ತು ಬ್ರಯಂಟ್ ಸುಮಾರು 400 ಮಕ್ಕಳನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿದರು. ಕೆಲವು ಪದಗಳಲ್ಲಿ ದನಿ ಹೊಂದದ ಒಂದನ್ನು ಹೆಕ್ಕಬಲ್ಲ ಪುಟ್ಟ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು. ಆದರೆ ಅದು ಇಂಗ್ಲಿಷ್ ಮಕ್ಕಳ ಲೆಕ್ಕ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೂ ಹೇಳುತ್ತದೆ: ಇಲ್ಲಿ ಉಚ್ಚಾರಾಂಶದ ಅರಿವು ಬೇಗ ಮೂಡುತ್ತದೆ, ಬಿಡಿ ಧ್ವನಿಯ ಅರಿವು ನಿಧಾನ, ಕಾಗುಣಿತ, ಒತ್ತಕ್ಷರಗಳ ಮೇಲೆ ಹಿಡಿತ ಬರಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು. ಹೀಗಿರುವಾಗ ಮೂರೂವರೆ ವರ್ಷದ ಮಗುವಿನ ಕೈ ಹಿಡಿದು 'ಅ' ತಿದ್ದಿಸುವ ಅವಸರ ಯಾರಿಗಾಗಿ ಎಂದು ನನಗೆ ಅರ್ಥವಾಗಿಲ್ಲ.

ಹೆಕ್ಕುವ ಆಟಕ್ಕೆ ಮಲೆನಾಡಿನಲ್ಲಿ ಸಾಮಗ್ರಿಯ ಬರವಿಲ್ಲ. ಮಳೆ, ಹೊಳೆ, ಎಲೆ, ಕೊಳೆ: ಗುಂಪಿಗೆ ಸೇರದ್ದು ಯಾವುದು? 'ಲ'ಕಾರ 'ಳ'ಕಾರಗಳ ವ್ಯತ್ಯಾಸವನ್ನು ಕಾಗದದ ಮೇಲೆ ತಿದ್ದುವುದಕ್ಕಿಂತ ಈ ಒಂದು ಪ್ರಶ್ನೆ ಬೇಗ ಕಲಿಸುತ್ತದೆ. ಅಡಿಕೆಗೆ ಕೊಳೆ ತಗುಲಿದ ವರ್ಷ ಮನೆಯಲ್ಲಿ ದಿನವಿಡೀ ಕೇಳುವ ಪದವದು, ಮಗುವಿಗೆ ಹೊಸತಲ್ಲ. ಗದ್ದೆ, ಒದ್ದೆ, ನಿದ್ದೆ, ಮುದ್ದೆ. ಹಾಳೆ, ಬಾಳೆ, ನಾಳೆ. ಕೊಪ್ಪದ ಮಗುವಿಗೆ ಊರ ಹೆಸರೇ ಮೊದಲ ಪಾಠವಾಗಬಹುದು: ಕೊಪ್ಪ, ಅಪ್ಪ, ತುಪ್ಪ. ನಾಲ್ಕನೆಯದಾಗಿ ಮಗು 'ಜಿಪ್ಪ' ಎಂದರೆ ಅಂಥ ಪದವಿಲ್ಲವೆಂದು ತಿದ್ದಬೇಡಿ. ಅರ್ಥವಿಲ್ಲದಿದ್ದರೂ ದನಿ ಹೊಂದಿದೆ, ಆಟದಲ್ಲಿ ಗೆದ್ದಿದೆ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ–ಪಂಟಿಗೆಯವರ ಹೆಸರೇ ಪ್ರಾಸವಾಗಿರುವ ಸೀಮೆಯಿದು.

ಹೊರಗಿನದನ್ನು ತರಲೇಬಾರದೆಂಬ ಹಟ ನನಗಿಲ್ಲ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, ಕಿಂದರಿಜೋಗಿಯ ಕತೆಯನ್ನು ಬ್ರೌನಿಂಗನ ಇಂಗ್ಲಿಷ್ ಕವಿತೆಯಿಂದಲೇ ತಂದರು. ತಂದದ್ದು ಕತೆ, ಲಯ, ಪ್ರಾಸ, ಊರಿನ ಹೆಸರು ಎಲ್ಲವೂ ಕನ್ನಡದವು.

ಈಗ ಈ ಸೀಮೆಯ ಅಂಗನವಾಡಿಗಳಲ್ಲಿ ಇನ್ನೊಂದು ಬಗೆಯ ಮಕ್ಕಳೂ ಇದ್ದಾರೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ತಮಿಳು ಮಾತಾಡುವ ಮನೆಗಳು ಇಲ್ಲಿ ಬಹುಕಾಲದಿಂದ ಇವೆ. ಈಚಿನ ವರ್ಷಗಳಲ್ಲಿ ಕಾಫಿ ತೋಟಗಳ ಲೈನುಮನೆಗಳಿಗೆ ಪೂರ್ವ ಭಾರತದ ಕುಟುಂಬಗಳು ಬಂದಿವೆ. ಕನ್ನಡ ಬಾರದೆಂದು ಈ ಮಕ್ಕಳನ್ನು ಮೂಲೆಯಲ್ಲಿ ಸುಮ್ಮನೆ ಕೂರಿಸುವುದನ್ನು ಕಂಡಾಗ ಸಂಕಟವಾಗುತ್ತದೆ. ತಮಿಳು ಮನೆಯಲ್ಲಿ 'ಮಾಡು–ಗೀಡು' ಎನ್ನುತ್ತಾರೆ. ಹಿಂದಿಯ ಚಹಾ 'ಚಾಯ್–ವಾಯ್' ಆಗುತ್ತದೆ, ಬಂಗಾಳಿಯ ನೀರು 'ಜೊಲ್–ಟೊಲ್'. ಅಕ್ಷರ ಬದಲಾಯಿತು, ಆಟ ಅದೇ. ತನ್ನ ಮನೆಯ ಜೋಡಿಪದವನ್ನು ಹೇಳಲು ಅವಕಾಶ ಸಿಕ್ಕ ಮಗು ಕನ್ನಡದ ಜೋಡಿಯನ್ನು ಹಿಡಿಯಲು ಹೆಚ್ಚು ದಿನ ಬೇಕಾಗಲಾರದು. ಪಠ್ಯವಿಲ್ಲದೆ, ಪರಿಕರವಿಲ್ಲದೆ, ಆ ಮಗು ತರಗತಿಯ ಒಳಗೆ ಬರುವ ಬಾಗಿಲು ಇದು. 'ಗೀಲು–ಗೀಲು ಅನ್ನಬಾರದು, ಸರಿಯಾಗಿ ಮಾತಾಡು' ಎಂದು ಗದರುವಾಗ ನಾವು ಮುಚ್ಚುವುದು ಅದನ್ನೇ.

ಅಂಗನವಾಡಿ ಕಾರ್ಯಕರ್ತೆಯ ಮೇಲೆ ಇನ್ನೊಂದು ಹೊರೆ ಹೊರಿಸುತ್ತಿದ್ದೇನೆ ಎಂಬ ಆಕ್ಷೇಪ ಬರಬಹುದು. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗಲೇ ಶಾಲಾಪೂರ್ವ ಶಿಕ್ಷಣ ಅದರ ಸೇವೆಗಳಲ್ಲಿ ಒಂದಾಗಿತ್ತು. ತೂಕ, ಪೌಷ್ಟಿಕ ಆಹಾರ, ಸಮೀಕ್ಷೆ, ದಾಖಲೆಪುಸ್ತಕಗಳು, 2021ರಿಂದ ಮೊಬೈಲಿನ ಪೋಷಣ್ ಟ್ರ್ಯಾಕರ್, ಇವೆಲ್ಲ ಮುಗಿದ ಮೇಲೆ ಉಳಿದ ಸಮಯ ಶಿಕ್ಷಣಕ್ಕೆ ಎಂಬಂತಾಗಿದೆ. ಜೊತೆಗೆ 2019ರಿಂದ ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ, ಯುಕೆಜಿಗಳು ಬರತೊಡಗಿದವು; ಪೋಷಕರು ಅಂಗನವಾಡಿಯಲ್ಲೂ ಬರೆದ ಪುಟ ಕೇಳುತ್ತಾರೆ, ಇಂಗ್ಲಿಷ್ ರೈಮ್ಸ್ ಕೇಳುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಅವರಿಗೆ ತೋರಿಸಲು ಒಂದು ಪುಟ ಬೇಕಾಗಿದೆ, ಪ್ರಾಸದ ಆಟ ಪುಟದಲ್ಲಿ ಕಾಣುವುದಿಲ್ಲ.

ಹಾಗಾಗಿ ಇಲಾಖೆಗೆ ನನ್ನ ಬೇಡಿಕೆ ಸಣ್ಣದು. ಹೊಸ ಕೈಪಿಡಿ ಬೇಡ. ದಿನಕ್ಕೆ ಹತ್ತು ನಿಮಿಷ ಕಾರ್ಯಕರ್ತೆಯ ಕೈಯಿಂದ ದಾಖಲೆಪುಸ್ತಕವನ್ನೂ ಮೊಬೈಲನ್ನೂ ತೆಗೆದಿಡಲು ಅನುಮತಿ ಕೊಡಿ. ಮೇಲ್ವಿಚಾರಕಿ ಭೇಟಿಗೆ ಬಂದಾಗ 'ಎಷ್ಟು ಅಕ್ಷರ ಬರೆಯುತ್ತಾರೆ' ಎಂದು ಕೇಳುವ ಬದಲು ಒಂದು ಮಗುವನ್ನು ಹತ್ತಿರ ಕರೆದು, 'ಮಳೆಗೆ ಒಂದು ಜೋಡಿ ಹೇಳು ಪುಟ್ಟಾ' ಎನ್ನಲಿ. ಮಗು 'ಗಿಳೆ' ಎಂದರೂ ಅಂಕ ಕೊಡಲಿ.